ಮನೆಮಂದಿ ಕೂಡಿ ಕೇಳುವ ಕಥೆ-ಕಾವ್ಯ: ಪೆನ್‌ಡ್ರೈವ್, ಸ್ಪೀಕರ್ ಮತ್ತು ಗದುಗಿನ ಭಾರತ

ಹಳೆಯ ಕಥೆ-ಕಾವ್ಯಗಳನ್ನು ಮನೆಮಂದಿಯೆಲ್ಲ ಕೂಡಿ ಕೇಳಬೇಕೆಂದರೆ ಮೊದಲು ಮೊಬೈಲನ್ನು ಬೇರೆ ಖೋಲಿಯಲ್ಲಿ ಇಟ್ಟು ಬರಬೇಕು. ಕಥೆ ಮೊಬೈಲಿನಲ್ಲೇ ಓಡುತ್ತಿದ್ದರೆ ನಡುವೆ ಫೋನ್ ಬರುತ್ತದೆ, ವಾಟ್ಸ್‌ಆ್ಯಪ್ ಟಿಣ್ ಅನ್ನುತ್ತದೆ, ಯೂಟ್ಯೂಬ್ ಆದರೆ ದ್ರೌಪದಿ ಸಭೆಯಲ್ಲಿ ಪ್ರಶ್ನೆ ಕೇಳುವ ಹೊತ್ತಿಗೇ ಸಾಲದ ಜಾಹೀರಾತು. ಹುಡುಗರ ಕಣ್ಣು ಪರದೆಗೆ ಅಂಟಿತೆಂದರೆ ಕಿವಿ ಅಲ್ಲಿರುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಲ್ಲವನ್ನೂ ಮೊದಲೇ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವ್ ಚುಚ್ಚಲು ಬರುವ ಸಾದಾ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುತ್ತೇವೆ. ನೆಟ್ ಬೇಕಾಗುವುದಿಲ್ಲ, ಕರೆಂಟ್ ಹೋದರೂ ಕಥೆ ನಿಲ್ಲುವುದಿಲ್ಲ.

ಪೆನ್‌ಡ್ರೈವ್ 8 ಜಿಬಿಯದು ಸಾಕು. ಮಾತಿನ ರೆಕಾರ್ಡಿಂಗಿಗೆ 64 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೊಬಿಟ್ ಎಂಬ ಅಳತೆ) ಮೋನೊ, ಅಂದರೆ ಒಂದೇ ವಾಹಿನಿಯ, ಎಂಪಿ3 ಧಾರಾಳವಾಯಿತು. ತಾಸಿಗೆ ಸುಮಾರು 29 ಎಂಬಿ ಹಿಡಿಯುತ್ತದೆ. 128ರದು ಅದರ ದುಪ್ಪಟ್ಟು, ಸಣ್ಣ ಸ್ಪೀಕರಿನಲ್ಲಿ ಎರಡಕ್ಕೂ ಫರಕು ಗೊತ್ತಾಗುವುದಿಲ್ಲ. 64ರ ಲೆಕ್ಕದಲ್ಲಿ 8 ಜಿಬಿಯಲ್ಲಿ 250 ತಾಸು ಮೀರಿ ಕೂಡುತ್ತದೆ. ಅಷ್ಟು ಕೇಳಲು ವರ್ಷವೇ ಬೇಕು. ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅಂತ ಸಿಕ್ಕಿದ್ದನ್ನೆಲ್ಲ ತುಂಬಿದರೆ ಬೇಕಾದ ಅಧ್ಯಾಯ ಹುಡುಕುವುದರಲ್ಲೇ ಸಂಜೆ ಮುಗಿಯುತ್ತದೆ. ಒಂದು ಪೆನ್‌ಡ್ರೈವಿಗೆ ಒಂದೇ ದೊಡ್ಡ ಕೃತಿ, ಜೊತೆಗೆ ಸಣ್ಣ ಕಥೆಗಳ ಒಂದು ಫೋಲ್ಡರ್ ಇರಲಿ.

ಹಾಕುವ ಮೊದಲು ಅದನ್ನು ಫ್ಯಾಟ್32 ಎಂಬ, ಕಡತ ಜೋಡಿಸಿಡುವ ಹಳೆಯ ಪದ್ಧತಿಗೆ ಫಾರ್ಮ್ಯಾಟ್ ಮಾಡಬೇಕು. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇದ್ದರೆ ಅಗ್ಗದ ಸ್ಪೀಕರುಗಳೂ ಹಳೆಯ ಕಾರ್ ಸ್ಟೀರಿಯೊಗಳೂ ಬಹಳಷ್ಟು ಸಲ ಓದುವುದಿಲ್ಲ. ದೀಪ ಮಿಣುಕುತ್ತದೆ, ದನಿ ಹೊರಡುವುದಿಲ್ಲ. ಅಂಗಡಿಯವರು 64 ಜಿಬಿಯದನ್ನು ಕೈಗಿಟ್ಟರೆ ಬೇಡ ಅನ್ನಿ, 32 ಜಿಬಿಗಿಂತ ದೊಡ್ಡದನ್ನು ಫ್ಯಾಟ್32 ಮಾಡಲು ವಿಂಡೋಸ್ ಸುಲಭಕ್ಕೆ ಒಪ್ಪುವುದಿಲ್ಲ.

ಅಧ್ಯಾಯಗಳು ಹಿಂದುಮುಂದಾಗುವುದು ಇನ್ನೊಂದು ತಲೆನೋವು. ಹೆಸರು 1, 2, 10 ಎಂದಿದ್ದರೆ ಕೆಲವು ಸ್ಪೀಕರ್ 1 ಆದ ಮೇಲೆ 10ಕ್ಕೆ ಹಾರುತ್ತವೆ. ಆದ್ದರಿಂದ 001, 002, 010 ಎಂದೇ ಬರೆಯಬೇಕು. ಅಷ್ಟು ಮಾಡಿದರೂ ತಪ್ಪಬಹುದು. ಸಾದಾ ಸ್ಪೀಕರುಗಳು ಹೆಸರನ್ನು ನೋಡುವುದೇ ಇಲ್ಲ, ಪೆನ್‌ಡ್ರೈವಿಗೆ ಯಾವ ಕಡತ ಮೊದಲು ಬಿತ್ತೋ ಅದನ್ನೇ ಮೊದಲು ನುಡಿಸುತ್ತವೆ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿದು ಎಳೆದು ಹಾಕಿದಾಗ ಅವು ಅದೇ ಸರತಿಯಲ್ಲಿ ಹೋಗುತ್ತವೆ ಅನ್ನುವ ಭರವಸೆ ಇಲ್ಲ. ಪೆನ್‌ಡ್ರೈವ್ ಪೂರ್ತಿ ಅಳಿಸಿ, ಒಂದೊಂದೇ ಕಡತವನ್ನು ಕ್ರಮವಾಗಿ ನಕಲು ಮಾಡಿದರೆ ಸರಿಹೋಗುತ್ತದೆ. ಫ್ಯಾಟ್‌ಸಾರ್ಟ್ ಎಂಬ ಸಣ್ಣ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಕಡತಗಳ ಹೆಸರು ಮಾತ್ರ ರೋಮನ್ ಅಕ್ಷರದಲ್ಲಿರಲಿ, ಕನ್ನಡದಲ್ಲಿ ಬರೆದರೆ ಕಾರಿನ ಪರದೆಯ ಮೇಲೆ ಬರೀ ಚೌಕ, ಪ್ರಶ್ನೆಚಿಹ್ನೆ ಕಾಣುತ್ತವೆ.

ಇಂಥ ಸ್ಪೀಕರುಗಳಿಗೆ ಎಲ್ಲಿಗೆ ನಿಂತಿತ್ತು ಎಂಬ ನೆನಪೂ ಕಡಿಮೆ. 50 ನಿಮಿಷದ ಅಧ್ಯಾಯವನ್ನು ಅರ್ಧಕ್ಕೆ ಆರಿಸಿದರೆ ಮರುದಿನ ಮತ್ತೆ ಮೊದಲಿಂದ ಶುರು. ಆದ್ದರಿಂದ ಉದ್ದನೆಯದನ್ನು 10–12 ನಿಮಿಷದ ತುಂಡು ಮಾಡಿಟ್ಟುಕೊಳ್ಳಬೇಕು, ಮಾತು ಮುಗಿದ ಕಡೆ ಕತ್ತರಿಸಬೇಕು. ಒಂದೇ ಕಡತದಲ್ಲಿ ಇಡೀ ಪುಸ್ತಕ ಬರುವ ಎಂ4ಬಿ ಮಾದರಿ ಮೊಬೈಲಿಗೆ ಚೆನ್ನ, ಸ್ಪೀಕರಿಗೆ ಒಗ್ಗುವುದಿಲ್ಲ.

ಇನ್ನು ಸಾಮಗ್ರಿ. ಇಂಗ್ಲಿಷಿನದಾದರೆ ಲಿಬ್ರಿವಾಕ್ಸ್ ಒಂದೇ ಸಾಕು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಕ್‌ಗ್ವಾಯರ್ ಶುರು ಮಾಡಿದ ಯೋಜನೆ ಅದು. ಹಕ್ಕಿನ ಅವಧಿ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ, ರೆಕಾರ್ಡಿಂಗಿಗೂ ಯಾರ ಹಕ್ಕೂ ಇರುವುದಿಲ್ಲ. ಕಡತಗಳು ಇಂಟರ್‌ನೆಟ್ ಆರ್ಕೈವಿನಲ್ಲಿ ಇರುತ್ತವೆ, 64 ಮತ್ತು 128 ಎರಡೂ ಸಿಗುತ್ತವೆ. ಈಸೋಪನ ಕಥೆಗಳು, ಕಿಪ್ಲಿಂಗನ ಜಂಗಲ್ ಬುಕ್, ಷೆರ್ಲಾಕ್ ಹೋಮ್ಸ್ ನಮ್ಮ ಹುಡುಗರಿಗೆ ಹತ್ತುವಂಥವು. ಜಂಗಲ್ ಬುಕ್ಕಿನ ಕಾಡು ಮಧ್ಯಪ್ರದೇಶದ ಸಿವನಿಯದಾದ್ದರಿಂದ ಪ್ರಾಣಿಗಳ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ.

ಪ್ರಸಿದ್ಧ ಪುಸ್ತಕಗಳಿಗೆ ಒಂದಕ್ಕಿಂತ ಹೆಚ್ಚು ಓದುಗಳಿರುತ್ತವೆ. ಒಬ್ಬರೇ ಓದಿದ್ದನ್ನು ಆರಿಸಿಕೊಳ್ಳಿ. ಅಧ್ಯಾಯಕ್ಕೊಬ್ಬರು ಓದಿದ್ದರೆ ದನಿ, ಉಚ್ಚಾರ, ವೇಗ ಎಲ್ಲ ಬದಲಾಗುತ್ತ ಹೋಗಿ ಮಕ್ಕಳು ಎಳೆ ಕಳೆದುಕೊಳ್ಳುತ್ತಾರೆ. ಪರೀಕ್ಷೆಗೆ ಮೊದಲ ಅಧ್ಯಾಯ ಕೇಳಬೇಡಿ, ಮೂರನೆಯದನ್ನು ಎರಡು ನಿಮಿಷ ಕೇಳಿ. ಮೊದಲನೆಯದನ್ನು ಎಲ್ಲರೂ ಉಮೇದಿನಿಂದ ಓದಿರುತ್ತಾರೆ. ಅಮೆರಿಕದ ಉಚ್ಚಾರ ನಮ್ಮ ಕಿವಿಗೆ ಕೂಡದಿದ್ದರೆ ಮೊಬೈಲಿನಲ್ಲಿ ವಿಎಲ್‌ಸಿ ಹಾಕಿ ವೇಗ 0.85ಕ್ಕೆ ಇಳಿಸಿ, ಬ್ಲೂಟೂತ್ ಮೂಲಕ ಸ್ಪೀಕರಿಗೆ ಬಿಡಬಹುದು. ಆಗ ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿರಲಿ, ಬ್ಲೂಟೂತ್ ಮಾತ್ರ ಚಾಲೂ. ಪ್ರತಿ ಅಧ್ಯಾಯ ಮುಗಿದಾಗ ದೊಡ್ಡವರೊಬ್ಬರು ಅಷ್ಟನ್ನು ಕನ್ನಡದಲ್ಲಿ ಹೇಳಬೇಕು. ಇಲ್ಲದಿದ್ದರೆ ಆಯಿ ಎದ್ದು ಹೋಗುತ್ತಾರೆ, ಅವರ ಹಿಂದೆ ಸಣ್ಣವರು.

ಪುಕ್ಕಟೆ ಅಂದಮೇಲೆ ಹಕ್ಕಿನ ಲೆಕ್ಕ ಗೊತ್ತಿರಬೇಕು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ನಡೆಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳು ಮುಕ್ತ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳವು 2024ರಿಂದ ಮುಕ್ತ. ಸಾಧನಕೇರಿಯ ಬೇಂದ್ರೆ ಅಜ್ಜನ ಪದ್ಯ ಊರ ತುಂಬ ಬಾಯಿಪಾಠ ಇದ್ದರೂ 2041 ಮುಗಿಯುವವರೆಗೆ ಹಕ್ಕು ಉಂಟು. ಲಿಬ್ರಿವಾಕ್ಸ್ ನೋಡುವುದು ಅಮೆರಿಕದ ಕಾನೂನು, ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷದ ಲೆಕ್ಕ. ಹಾಗಾಗಿ ಅಗಾಥಾ ಕ್ರಿಸ್ಟಿಯ 1920ರ ಕಾದಂಬರಿ ಅಲ್ಲಿ ಸಿಗುತ್ತದೆ, ಆಕೆ ತೀರಿಕೊಂಡದ್ದು 1976ರಲ್ಲಿ ಆದ್ದರಿಂದ ನಮ್ಮಲ್ಲಿ ಅದು ಇನ್ನೂ ಮುಕ್ತವಲ್ಲ. ಇಂಟರ್‌ನೆಟ್ ಆರ್ಕೈವಿನಲ್ಲಿದೆ ಅಂದಮಾತ್ರಕ್ಕೆ ಮುಕ್ತ ಎಂದೂ ತಿಳಿಯಬಾರದು, ಅಲ್ಲಿಗೆ ಯಾರು ಬೇಕಾದರೂ ಏರಿಸಬಹುದು.

ಪಠ್ಯದ ಹಕ್ಕು ಬೇರೆ, ದನಿಯ ಹಕ್ಕು ಬೇರೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಎಲ್ಲರ ಸೊತ್ತು; ಆದರೆ ಅದನ್ನು ಹಾಡಿದ ಕ್ಯಾಸೆಟ್ಟಿಗೆ ಪ್ರಕಟವಾದಂದಿನಿಂದ 60 ವರ್ಷದ ಹಕ್ಕಿದೆ. ಗದುಗಿನ ಭಾರತ ಬರೆದ ಕುಮಾರವ್ಯಾಸನ ಪದ್ಯ ಮುಕ್ತ. ಈಚಿನವರು ಬರೆದ ಗದ್ಯಾನುವಾದ ಮುಕ್ತವಲ್ಲ. ಕಲಾವಿದರೇ ಏರಿಸಿದ ಗಮಕವನ್ನು ಅವರು ಇಟ್ಟಲ್ಲೇ ಹೋಗಿ ಕೇಳಿದರೆ ತೊಂದರೆ ಇಲ್ಲ. ಅದನ್ನು ಕಿತ್ತು ಎಂಪಿ3 ಮಾಡಿ ಗುಂಪುಗಳಿಗೆ ಹಂಚುವುದು ಸರಿಯಲ್ಲ, ಅದರಲ್ಲೂ ಗಮಕಿಗಳ ಸಂಪಾದನೆ ಎಷ್ಟೆಂದು ಬಲ್ಲವರು ಹಾಗೆ ಮಾಡಬಾರದು.

ಹೀಗೆಲ್ಲ ಸೋಸಿದ ಮೇಲೆ ಪುಕ್ಕಟೆಯಾಗಿ, ನ್ಯಾಯವಾಗಿ ಸಿಗುವ ಕನ್ನಡದ ಗದ್ಯ ಬಹಳ ಉಳಿಯುವುದಿಲ್ಲ. ಆದ್ದರಿಂದ ಮನೆಯಲ್ಲೇ ಓದಿ ರೆಕಾರ್ಡ್ ಮಾಡುವುದೇ ಸರಿದಾರಿ. ಗದುಗಿನ ಸೀಮೆಯವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಒಬ್ಬರು ಓದಬೇಕು, ಒಬ್ಬರು ಅರ್ಥ ಹೇಳಬೇಕು ಎಂಬ ವಾಚನ-ವ್ಯಾಖ್ಯಾನದ ಏರ್ಪಾಡು ಮೊದಲಿಂದಲೂ ಇದೆ, ಮಳೆ ಹೋದ ವರ್ಷ ವಿರಾಟಪರ್ವ ಓದಿಸುವ ರೂಢಿ ಹಳ್ಳಿಗಳಲ್ಲಿ ಇತ್ತು. ವೀರನಾರಾಯಣನ ಗುಡಿಯ ಕವಿ ಕುಮಾರವ್ಯಾಸನ ಹತ್ತು ಪರ್ವದ ಪಠ್ಯ ಕನ್ನಡ ವಿಕಿಸೋರ್ಸಿನಲ್ಲಿ ಪುಕ್ಕಟೆ ಸಿಗುತ್ತದೆ.

ಮಕ್ಕಳಿದ್ದ ಮನೆಯಲ್ಲಿ ಆದಿಪರ್ವದ ಪೀಠಿಕೆಯಿಂದ ಹಿಡಿಯಬೇಡಿ, ವಿರಾಟಪರ್ವದ ಉತ್ತರಕುಮಾರನಿಂದ ಹಿಡಿಯಿರಿ. ಹೆಂಗಸರ ಮುಂದೆ ಜಂಬ ಕೊಚ್ಚಿದವನು ಕೌರವರ ಸೇನೆ ಕಂಡೊಡನೆ ರಥದಿಂದ ಜಿಗಿದು ಓಡುವಾಗ ಐದು ವರ್ಷದ ಹುಡುಗನಿಗೂ ಅರ್ಥ ಹೇಳಬೇಕಾಗುವುದಿಲ್ಲ. ಒಂದು ಕೂಟಕ್ಕೆ 12ರಿಂದ 15 ಪದ್ಯ. ರಾಗವಾಗಿ ಒಂದು ಷಟ್ಪದಿಗೆ ಮುಕ್ಕಾಲು ನಿಮಿಷ, ಅರ್ಥಕ್ಕೆ ಒಂದು ನಿಮಿಷ. ಒಟ್ಟು ಅರ್ಧ ತಾಸಿನೊಳಗೆ ಮುಗಿಯುತ್ತದೆ. ನಾವು ಅನುಸರಿಸುವ ಕ್ರಮ ಹೀಗೆ: ಸಂದರ್ಭ ಎರಡು ಮಾತಿನಲ್ಲಿ, ನಂತರ ಪದ್ಯ, ನಂತರ ಅರ್ಥ, ಆಮೇಲೆ ಅದೇ ಪದ್ಯದ ಮೂರನೆಯ ಮತ್ತು ಆರನೆಯ ಸಾಲು ಮತ್ತೊಮ್ಮೆ. ಕುಮಾರವ್ಯಾಸನ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು 14 ಮಾತ್ರೆಯವು. ಮೂರು ಮತ್ತು ಆರು 23 ಮಾತ್ರೆಯ ಉದ್ದ ಸಾಲುಗಳು, ಪದ್ಯದ ಹುರುಪು ಹೆಚ್ಚಾಗಿ ಅಲ್ಲಿ ಕೂತಿರುತ್ತದೆ.

ಓದುವವರು ಎಡವುವುದು ಉಸಿರಿನಲ್ಲಿ. ಕುಮಾರವ್ಯಾಸನಲ್ಲಿ ಪದ ಒಂದು ಸಾಲಿನಲ್ಲಿ ಶುರುವಾಗಿ ಮುಂದಿನ ಸಾಲಿನಲ್ಲಿ ಮುಗಿಯುವುದು ಸಾಮಾನ್ಯ. ಸಾಲು ಮುಗಿಯಿತೆಂದು ನಿಂತರೆ ಪದ ತುಂಡಾಗಿ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಹಿಂದಿನ ರಾತ್ರಿಯೇ ಪದ್ಯವನ್ನು ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿ, ಅರ್ಥ ನಿಲ್ಲುವ ಕಡೆ ಪೆನ್ಸಿಲಿನಿಂದ ಗೀಟು ಎಳೆದು, ಗೀಟಿದ್ದಲ್ಲಿ ಮಾತ್ರ ಉಸಿರು ತಗೊಳ್ಳಬೇಕು.

ರೆಕಾರ್ಡಿಂಗಿಗೆ ಮೊಬೈಲೇ ಸಾಕು, ಮೈಕು ಆಮೇಲೆ ನೋಡಿಕೊಂಡರಾಯಿತು. ಮೊದಲು ಸರಿಪಡಿಸಬೇಕಾದದ್ದು ಖೋಲಿ. ನಮ್ಮ ಮನೆಗಳಲ್ಲಿ ಶಹಾಬಾದ್ ಫರಸಿ, ಬರಿಯ ಗೋಡೆ; ದನಿ ಗುಂಯ್‌ಗುಡುತ್ತದೆ. ಕೆಳಗೆ ಜಮಖಾನೆ ಹಾಸಿ, ಓದುವವರ ಬೆನ್ನ ಹಿಂದೆ ಹಗ್ಗಕ್ಕೆ ಎರಡು ಕೌದಿ ಇಳಿಬಿಟ್ಟರೆ ಮುಕ್ಕಾಲು ಪಾಲು ಸರಿಯಾಗುತ್ತದೆ. ಹಳೆಯ ಸೀರೆ ತುಂಡು ಪದರಪದರವಾಗಿ ಹೊಲಿದ ಕೌದಿ ದನಿ ಹೀರುವಷ್ಟು ತೆಳ್ಳನೆಯ ಕರ್ಟನ್ ಹೀರುವುದಿಲ್ಲ. ಫ್ಯಾನ್ ಬಂದ್, ಫ್ರಿಜ್ ಇದ್ದ ಖೋಲಿ ಬೇಡ. ಬೆಳಿಗ್ಗೆ ಐದರಿಂದ ಆರು ಒಳ್ಳೆಯ ಹೊತ್ತು, ಕುಕ್ಕರಿನ ಸೀಟಿಯೂ ಕಸದ ಗಾಡಿಯ ಹಾಡೂ ಇನ್ನೂ ಶುರುವಾಗಿರುವುದಿಲ್ಲ.

ಮೊಬೈಲನ್ನು ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗೆ ಇಡದೆ ಕೆನ್ನೆಯ ಕಡೆಗೆ ಓರೆಯಾಗಿ ಇಡಬೇಕು. ಎದುರಿಗಿಟ್ಟರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ಧಡ್ ಎನ್ನುತ್ತದೆ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿನಲ್ಲಿ ರೆಕಾರ್ಡ್ ಮಾಡಬೇಡಿ, ಅದು ದನಿಯನ್ನು ತೀರಾ ಹಿಂಡುತ್ತದೆ. ರೆಕಾರ್ಡರ್ ಆ್ಯಪಿನಲ್ಲಿ ದನಿಯನ್ನು ಹಿಂಡದ ವೇವ್ ಕಡತ, 44.1 ಕಿಲೊಹರ್ಟ್ಸ್ ಆರಿಸಿ. ಓದುವ ಮೊದಲು ಐದು ಸೆಕೆಂಡ್ ಸುಮ್ಮನೆ ಕೂಡಬೇಕು, ಆ ಮೌನ ಮುಂದೆ ಬೇಕಾಗುತ್ತದೆ. ತಪ್ಪು ಓದಿದಾಗ ನಿಲ್ಲಿಸದೆ ಒಂದು ಚಪ್ಪಾಳೆ ತಟ್ಟಿ ವಾಕ್ಯವನ್ನು ಮೊದಲಿಂದ ಓದಿ. ಕಂಪ್ಯೂಟರಿನಲ್ಲಿ ಅಲೆಯ ಚಿತ್ರ ನೋಡಿದಾಗ ಚಪ್ಪಾಳೆ ಮೊನಚಾಗಿ ಎದ್ದು ಕಾಣುತ್ತದೆ, ಅದರ ಹಿಂದಿನ ವಾಕ್ಯ ಕತ್ತರಿಸಿದರಾಯಿತು.

ಕತ್ತರಿಸಲು ಆಡಾಸಿಟಿ, ಅದೂ ಪುಕ್ಕಟೆ. ಮೊದಲಿನ ಮೌನವನ್ನು ಆರಿಸಿ ನಾಯ್ಸ್ ರಿಡಕ್ಷನ್‌ನಲ್ಲಿ ನಾಯ್ಸ್ ಪ್ರೊಫೈಲ್ ತೆಗೆದುಕೊಂಡು, ಎಲ್ಲವನ್ನೂ ಆರಿಸಿ 6ರಿಂದ 9 ಡೆಸಿಬೆಲ್ ಇಳಿಸಿ. 20ಕ್ಕೆ ಎಳೆದರೆ ಸಪ್ಪಳವೇನೋ ಹೋಗುತ್ತದೆ, ಅಜ್ಜನ ದನಿ ಬಾವಿಯೊಳಗಿಂದ ಬಂದಂತೆ ಆಗುತ್ತದೆ. ಆಮೇಲೆ ಲೌಡ್‌ನೆಸ್ ನಾರ್ಮಲೈಸೇಷನ್ −18 ಎಲ್‌ಯುಎಫ್‌ಎಸ್ (ದನಿಯ ಜೋರಿನ ಅಳತೆ), ಮೋನೊ, 64 ಕೆಬಿಪಿಎಸ್ ಎಂಪಿ3. ಎಲ್ಲ ಕಡತಕ್ಕೂ ಇದೇ ಅಳತೆ ಇಟ್ಟರೆ ಪದೇ ಪದೇ ಎದ್ದು ವಾಲ್ಯೂಮ್ ತಿರುಗಿಸುವುದು ತಪ್ಪುತ್ತದೆ. ಹೊತ್ತಿನ ಅಂದಾಜಿಗೆ: ಡೆಮಿ ಆಕಾರದ ಒಂದು ಪುಟ ಗದ್ಯಕ್ಕೆ ಎರಡೂವರೆಯಿಂದ ಮೂರು ನಿಮಿಷ, ತಿದ್ದಲು ಅದರ ಎರಡು ಪಟ್ಟು.

ಗದ್ಯದಲ್ಲಿ ದೊಡ್ಡ ಹುಡುಗರಿಗೆ ಹಾವೇರಿ ಕಡೆಯ ಗಳಗನಾಥರು. 1942ರಲ್ಲಿ ತೀರಿಕೊಂಡರು, ಪುಸ್ತಕಗಳು ಮುಕ್ತ. ಅವರು ಮರಾಠಿಯ ಹರಿ ನಾರಾಯಣ ಆಪಟೆಯವರಿಂದಲೂ ಕಾದಂಬರಿಗಳನ್ನು ತಂದವರು. ಅನುವಾದವಾದರೆ ಮೂಲ ಲೇಖಕರ ಕಾಲವನ್ನೂ ನೋಡಬೇಕು, ಆಪಟೆಯವರು ತೀರಿದ್ದು 1919ರಲ್ಲಿ, ಅಡ್ಡಿ ಇಲ್ಲ. ಗಳಗನಾಥರ ವಾಕ್ಯಗಳು ಉದ್ದ, ಉಪದೇಶವೂ ಅಲ್ಲಲ್ಲಿ ಉಂಟು. ಉಪದೇಶದ ಪುಟ ದಾಟಿಸಿ ಓದಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ಪೀಕರನ್ನು ಗೋಡೆಯೊಳಗಿನ ಮಾಡದಲ್ಲಿ ಇಡಬೇಡಿ, ದಪ್ಪ ದನಿ ಉಬ್ಬಿ ಅಕ್ಷರ ಮಸುಕಾಗುತ್ತದೆ. ನೆಲದ ಮೇಲೂ ಬೇಡ. ಕೂತವರ ಕಿವಿಯ ಎತ್ತರಕ್ಕೆ ಒಂದು ಸ್ಟೂಲ್, ಕಿವಿ ಮಂದವಾದ ಹಿರಿಯರಿಗೆ ಎಲ್ಲರಿಗಿಂತ ಹತ್ತಿರ. ಬಾಸ್ ಬಟನ್ ಇದ್ದರೆ ಬಂದ್ ಮಾಡಿ. ಹೊತ್ತು ಆರಿಸುವಾಗ ಕೈಗೆ ಕೆಲಸ, ಕಿವಿಗೆ ಬಿಡುವು ಇರುವುದನ್ನು ನೋಡಿ: ಶೇಂಗಾ ಸುಲಿಯುವಾಗ, ಬ್ಯಾಡಗಿ ಮೆಣಸಿನಕಾಯಿಯ ತುಂಬು ಬಿಡಿಸುವಾಗ. ರೊಟ್ಟಿ ಬಡಿಯುವ ಹೊತ್ತು ಮಾತ್ರ ಸಲ್ಲದು. ಆ ಸಪ್ಪಳದಲ್ಲಿ ಪದ್ಯ ಪೂರ್ತಿ ಮುಳುಗುತ್ತದೆ, ಜೋರು ಮಾಡಿದರೆ ಸ್ಪೀಕರ್ ಒಡಕಲು ದನಿ ತೆಗೆಯುತ್ತದೆ. ಎಂಟರೊಳಗಿನ ಮಕ್ಕಳು 10 ನಿಮಿಷ ಕೂತರೆ ಬಹಳ. "ಮುಂದೇನಾತು ಹೇಳಬೇ ಆಯಿ" ಅನ್ನುವಾಗಲೇ ಆರಿಸಿಬಿಡಿ.

ಮನೆಯಲ್ಲಿ ಮಾಡಿದ್ದು ಚೆನ್ನಾಗಿ ಬಂದಿದ್ದರೆ ಮುಂದಿನ ಓದನ್ನು ಲಿಬ್ರಿವಾಕ್ಸಿಗೇ ಮಾಡಬಹುದು, ಕನ್ನಡಕ್ಕೂ ಅಲ್ಲಿ ಜಾಗವಿದೆ. ಪ್ರಕಟವಾಗಿ 95 ವರ್ಷ ದಾಟಿದ ಆವೃತ್ತಿಯನ್ನೇ ಓದಿರಬೇಕು, ಮುಖಪುಟದ ಹಿಂದಿನ ಇಸವಿಯ ಪುಟ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೊದಲು ಒಂದು ನಿಮಿಷದ ಪರೀಕ್ಷಾ ಕಡತ ಕಳಿಸಬೇಕು. ಅವರಿಗೆ ಬೇಕಾದದ್ದು 128 ಕೆಬಿಪಿಎಸ್, 44.1 ಕಿಲೊಹರ್ಟ್ಸ್, ಮೋನೊ, ಸುಮಾರು 89 ಡೆಸಿಬೆಲ್ ಮಟ್ಟ, ಕೊನೆಯಲ್ಲಿ ಐದು ಸೆಕೆಂಡ್ ಮೌನ. ಆದ್ದರಿಂದ ಮೂಲ ವೇವ್ ಕಡತವನ್ನು ಅಳಿಸಬೇಡಿ, 64ಕ್ಕೆ ಇಳಿಸಿದ್ದನ್ನು ಮತ್ತೆ 128 ಮಾಡಿದರೆ ಹೋದ ದನಿ ವಾಪಸ್ ಬರುವುದಿಲ್ಲ.