ಕೂಸು ಏಳುವವರೆಗೆ ಒಂದು ಸಾಲು

ಮಗಳು ಹುಟ್ಟಿದಾಗ ಅವಳಿಗೆಂದು ಹೆಣೆದ ಸ್ವೆಟರ್ ಅವಳಿಗೆ ಆಗಲೇ ಇಲ್ಲ. ಮೂರು ತಿಂಗಳ ಕೂಸಿನ ಅಳತೆಗೆ ಶುರು ಮಾಡಿದ್ದೆ. ಮುಗಿಯುವ ಹೊತ್ತಿಗೆ ಅವಳಿಗೆ ಹನ್ನೊಂದು ತಿಂಗಳು. ತಲೆಯೇ ತೂರಲಿಲ್ಲ. ಆ ನಿಂಬೆಹಳದಿ ಸ್ವೆಟರ್ ಈಗ ಅವಳ ಗೊಂಬೆಯ ಮೈಮೇಲಿದೆ. ಅದಕ್ಕೆ ಮಾತ್ರ ಅಳತೆ ತೆಗೆದು ಹೆಣೆದ ಹಾಗೆ ಕೂತಿದೆ.

ಹೆಣಿಗೆ ಕಲಿತದ್ದು ಹಾಸ್ಟೆಲಿನಲ್ಲಿ. ರೂಮಿನ ಗೆಳತಿ ಎರಡು ಕಡ್ಡಿ ಕೈಗೆ ಕೊಟ್ಟು ಸೀದಾ, ಉಲ್ಟಾ ಎರಡೇ ಎರಡು ಬಗೆಯ ಹೆಣಿಗೆ ಹೇಳಿಕೊಟ್ಟಳು. ಆಗ ಒಂದು ಭಾನುವಾರ ಕೂತರೆ ಅರ್ಧ ಮಫ್ಲರ್ ಮುಗಿಯುತ್ತಿತ್ತು. ಹಾಗಾಗಿ ಹೆರಿಗೆ ರಜೆ 26 ವಾರ ಸಿಕ್ಕಾಗ ಒಂದು ಪಟ್ಟಿಯನ್ನೇ ಬರೆದಿದ್ದೆ. ಎರಡು ಸ್ವೆಟರ್, ಮೂರು ಟೋಪಿ, ಕಾಲುಚೀಲ, ಒಂದು ಶಾಲು. ಈಗ ಆ ಪಟ್ಟಿ ನೋಡಿದರೆ ನಗು ಬರುತ್ತದೆ. ಬಾಣಂತನದಲ್ಲಿ ಸ್ನಾನಕ್ಕೇ ಪುರುಸೊತ್ತಿರಲಿಲ್ಲ, ಇನ್ನು ಶಾಲು!

ಆ ಹಳದಿ ಸ್ವೆಟರಿಗೆ ಅಷ್ಟು ದಿನ ಹಿಡಿದದ್ದಕ್ಕೆ ಒಂದು ಕಾರಣ ಇದೆ. ಮಗಳಿಗೆ ಏಳು ತಿಂಗಳು. ಬೆನ್ನಿನ ಭಾಗ ಮುಗಿಯುತ್ತಾ ಬಂದಿತ್ತು. 10 ನಂಬರಿನ ಕಡ್ಡಿಯಲ್ಲಿ 68 ಕುಣಿಕೆ. ಕುಕ್ಕರ್ ಮೂರನೇ ಸಲ ಕೂಗಿತು ಅಂತ ಎದ್ದು ಹೋದೆ. ಬಂದು ನೋಡಿದರೆ ಕಡ್ಡಿ ಅವಳ ಕೈಯಲ್ಲಿ. ಬಟ್ಟೆ ನೆಲದ ಮೇಲೆ. 68 ಕುಣಿಕೆಯೂ ಬಾಯಿ ತೆರೆದುಕೊಂಡು ಕೂತಿವೆ. ಕುಣಿಕೆ ಹೋದದ್ದಕ್ಕಲ್ಲ, ಆ ಕಡ್ಡಿ ಅವಳ ಕಣ್ಣಿಗೆ ಎಷ್ಟು ಹತ್ತಿರ ಇತ್ತು ಅಂತ ನೆನೆಸಿಕೊಂಡು ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ತಿಂಗಳು ಆ ಚೀಲ ಮುಟ್ಟಲಿಲ್ಲ.

ಆಮೇಲೆ ಸಿಕ್ಕಿದ ಸಲಹೆಯೆಲ್ಲ ಒಂದೇ: ಮಕ್ಕಳು ಮಲಗಿದ ಮೇಲೆ ಮಾಡು. ಅದನ್ನೂ ಮಾಡಿ ನೋಡಿದೆ. ರಾತ್ರಿ ಹನ್ನೊಂದಕ್ಕೆ ಕೂತು ಒಂದರವರೆಗೆ ಹೆಣೆಯುವುದು, ಬೆಳಿಗ್ಗೆ ನೋಡಿದರೆ ನಾಲ್ಕು ಸಾಲು ಕೆಳಗೆ ಒಂದು ತಪ್ಪು, ಬಿಚ್ಚುವುದು. ನಿದ್ದೆಯೂ ಹೋಯಿತು, ಸಾಲೂ ಹೋಯಿತು. ಮರುದಿನ ಆಫೀಸಿನಲ್ಲಿ ತೂಕಡಿಕೆ, ಮನೆಗೆ ಬಂದರೆ ಎಲ್ಲರ ಮೇಲೂ ಸಿಡುಕು. ರಾತ್ರಿ ಕೂರುವುದನ್ನು ಅಲ್ಲಿಗೇ ಬಿಟ್ಟೆ. ಯಾರಾದರೂ ಕೇಳಿದರೆ ಇದೊಂದು ಮಾತ್ರ ಖಡಾಖಂಡಿತ ಹೇಳುತ್ತೇನೆ: ಸಣ್ಣ ಮಕ್ಕಳ ತಾಯಿ ರಾತ್ರಿ ಮಲಗಲಿ.

ದಾರಿ ಸಿಕ್ಕಿದ್ದು ಊರಿನಲ್ಲಿ, ಅತ್ತೆಯ ಹತ್ತಿರ.

ನಮ್ಮತ್ತೆ ಇರುವುದು ಗದಗ ಜಿಲ್ಲೆಯ ಒಂದು ಹಳ್ಳಿ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಅಲ್ಲಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲು ಸಾಲಾಗಿ ದಾರ ಹಾಕುವುದು. ಪಡಸಾಲೆಯಲ್ಲಿ ಕೌದಿ ಹಾಸಿರುತ್ತದೆ. ಅತ್ತೆ ಒಂದು ಕಡೆ, ಪಕ್ಕದ ಮನೆಯವರು ಇನ್ನೊಂದು ಕಡೆ. ಮಧ್ಯೆ ಮಕ್ಕಳು ಅದೇ ಕೌದಿಯ ಮೇಲೆ ಉರುಳಾಡುತ್ತಿರುತ್ತವೆ. ಯಾರಿಗೋ ರೊಟ್ಟಿ ಬಡಿಯುವುದಿರುತ್ತದೆ, ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ಹೋಗುತ್ತಾರೆ. ಸಂಜೆ ಬಂದು ಅದೇ ಸೂಜಿ ತೆಗೆದು ಮುಂದುವರಿಸುತ್ತಾರೆ.

ನಾನು ಕೂತು ಎಣಿಸುತ್ತಿದ್ದೆ. ಇವತ್ತು ಎಷ್ಟಾಯಿತು, ಇನ್ನೆಷ್ಟಿದೆ ಅಂತ. ಅತ್ತೆ ನೋಡಿ ನೋಡಿ ಹೇಳಿದರು, "ಎಷ್ಟ್ ಮುಗಿತು ಅಂತ ಯಾಕ ಅಳೀತಿ ಯವ್ವಾ? ಕೂಸು ಮಲಗೂ ತನಾ ಹೊಲಿ, ಎದ್ದ ಮ್ಯಾಲ ಬಿಡು."

ಅವರಿಗೆ ಇದು ಹವ್ಯಾಸ ಅಲ್ಲ. ಮನೆಯಲ್ಲಿ ಆರು ಜನಕ್ಕೆ ಹಾಸಲು, ಹೊದೆಯಲು ಬೇಕಿತ್ತು, ಹೊಲಿದರು ಅಷ್ಟೇ. ನಾಲ್ಕು ಮಕ್ಕಳನ್ನು ಸಾಕುತ್ತಲೇ ಹೊಲಿದರು. ಆದರೆ ಅದನ್ನು ನೋಡುತ್ತಾ ಒಂದು ವಿಷಯ ತಲೆಗೆ ಹೊಕ್ಕಿತು. ನಾನು ಇಷ್ಟು ದಿನ ಹೆಣಿಗೆಗೆ ಸಮಯ ಹುಡುಕುತ್ತಿದ್ದೆ. ಇರುವ ಸಮಯವೆಲ್ಲ ಏಳು ನಿಮಿಷ, ಹನ್ನೆರಡು ನಿಮಿಷದ ತುಂಡುಗಳು. ಆ ತುಂಡಿಗೆ ಸರಿಹೋಗುವ ಕೆಲಸ ಯಾವುದು ಅಂತ ಯೋಚಿಸಿರಲೇ ಇಲ್ಲ. ಕೌದಿಯ ಸಾಲನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಏನೂ ಕೆಡುವುದಿಲ್ಲ. ಕಡ್ಡಿ ಹೆಣಿಗೆಯಲ್ಲಿ 68 ಕುಣಿಕೆ ಒಟ್ಟಿಗೆ ಜೀವ ಹಿಡಿದುಕೊಂಡಿರುತ್ತವೆ. ಒಂದೇ ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವ ಕ್ರೋಶಾದಲ್ಲಿ ಒಂದೇ ಒಂದು. ಅದೂ ಜಾರಿದರೆ ಎರಡು ಸೆಕೆಂಡಿನಲ್ಲಿ ವಾಪಸ್ ಹಿಡಿಯಬಹುದು.

ಬೆಂಗಳೂರಿಗೆ ಬಂದ ಮೇಲೆ ಕೆಲಸಗಳನ್ನು ಹಂಚಿದೆ. ಕ್ರೋಶಾ ಮೆಟ್ರೋಗೆ. ವಿಜಯನಗರದಿಂದ ಎಂ.ಜಿ. ರೋಡಿಗೆ ಸುಮಾರು 20 ನಿಮಿಷ. ಸೀಟು ಸಿಕ್ಕರೆ ಒಂದು ಚೌಕ ಮುಗಿಯುತ್ತದೆ, ಸಿಗದಿದ್ದರೆ ಇಲ್ಲ. ಪಕ್ಕದಲ್ಲಿ ಕೂತವರು ಮಾತಾಡಿಸುತ್ತಾರೆ, "ನಮ್ಮಮ್ಮನೂ ಹಾಕ್ತಿದ್ರು, ಟಿವಿ ಮೇಲೆ ಹೊದಿಸೋಕೆ" ಅನ್ನುತ್ತಾರೆ. ಆ ಕಾಲದ ಎಲ್ಲರ ಅಮ್ಮಂದಿರೂ ಟಿವಿಗೇ ಹಾಕಿದ್ದಾರೆ ಅನ್ನಿಸುತ್ತದೆ! ಕೌದಿ ಮನೆಯಲ್ಲಿ, ಮಕ್ಕಳ ಎದುರೇ. ಕಡ್ಡಿ ಹೆಣಿಗೆ ಮಕ್ಕಳು ಮನೆಯಲ್ಲಿ ಇಲ್ಲದಾಗ ಮಾತ್ರ, ಅಂದರೆ ವರ್ಷಕ್ಕೆ ಕೆಲವು ದಿನ.

ಕಡ್ಡಿಯನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಈಗ ಉದ್ದ ಕಡ್ಡಿ ಇಲ್ಲ, ನಡುವೆ ವೈರ್ ಇರುವ ಜೋಡಿ ಕಡ್ಡಿ. ಎದ್ದು ಹೋಗುವಾಗ ಕುಣಿಕೆಗಳನ್ನೆಲ್ಲ ವೈರಿನ ಮೇಲೆ ತಳ್ಳಿ, ಎರಡು ತುದಿಗೂ ರಬ್ಬರ್ ಬ್ಯಾಂಡ್ ಸುತ್ತುತ್ತೇನೆ. ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ಹತ್ತಿ ದಾರವನ್ನು ಸೂಜಿಗೆ ಪೋಣಿಸಿ ಆ ಸಾಲಿನ ಎಲ್ಲ ಕುಣಿಕೆಯಲ್ಲೂ ದಾಟಿಸಿ ಬಿಡುತ್ತೇನೆ. ಏನೇ ಜಾರಿದರೂ ಅಲ್ಲಿಗೆ ಬಂದು ನಿಲ್ಲುತ್ತದೆ. ಎಲೆ, ಬಳ್ಳಿ ಡಿಸೈನು ಬೇಡ. ಎರಡು ಕಡೆಯೂ ಸೀದಾ ಹೆಣೆದರೆ ಎಲ್ಲಿ ಬಿಟ್ಟಿದ್ದೆ ಅಂತ ನೆನಪಿಡುವ ತಲೆನೋವೂ ಇಲ್ಲ. ಅಳತೆ ಯಾವಾಗಲೂ ಒಂದು ವರ್ಷ ಮುಂದಿನದು. ತೋಳು ಉದ್ದವಾದರೆ ಮಡಚಬಹುದು, ಗಿಡ್ಡವಾದರೆ ಗೊಂಬೆಗೇ.

ಕೌದಿಯದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಅಳತೆಯ ಲೆಕ್ಕ ಸರಿಹೋದದ್ದು ಇದೊಂದರಲ್ಲೇ. ಎರಡನೆಯವನು ಹೊಟ್ಟೆಯಲ್ಲಿದ್ದಾಗ ಅತ್ತೆ ಎರಡು ಹಳೆ ಇಳಕಲ್ ಸೀರೆ, ಮಾವನವರ ಒಂದು ಧೋತರ ಕೊಟ್ಟರು. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಬಟ್ಟೆ. ಎಳೆ ಕೂಸಿನ ಕೆಳಗೆ ಹಾಸಲು ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ರಟ್ಟಿನಲ್ಲಿ ಐದು ಇಂಚಿನ ಚೌಕ ಕತ್ತರಿಸಿಕೊಂಡು ಅದೇ ಅಳತೆಗೆ 80 ತುಂಡು ಮಾಡಿದೆ. ಸುತ್ತ ಕಾಲು ಇಂಚು ಹೊಲಿಗೆಗೆ ಹೋದರೆ ಒಂದು ತುಂಡು ನಾಲ್ಕೂವರೆ ಇಂಚು ಉಳಿಯುತ್ತದೆ. ಅಡ್ಡ ಎಂಟು, ಉದ್ದ ಹತ್ತು ಜೋಡಿಸಿದರೆ 36 ಇಂಚು, 45 ಇಂಚು. ನನ್ನ ಹತ್ತಿರ ಇದ್ದ ಸೀರೆಯ ಪನ್ನವೂ (ಅಗಲವೂ) 45 ಇಂಚೇ. ಹಾಗಾಗಿ ಕೆಳಗಿನ ಪದರಕ್ಕೆ ಜೋಡಣೆಯೇ ಬೇಕಾಗಲಿಲ್ಲ.

ಇದರಲ್ಲಿ ಎರಡು ಥರದ ಕೆಲಸ ಇದೆ. ಕತ್ತರಿಸುವುದು, ಪದರ ಹಾಸಿ ಸುಕ್ಕಿಲ್ಲದ ಹಾಗೆ ಎಳೆದು ಕಚ್ಚಾ ಹೊಲಿಗೆ ಹಾಕುವುದು, ಇವೆರಡನ್ನು ಮಧ್ಯೆ ಬಿಡಲು ಆಗುವುದಿಲ್ಲ. ಅರ್ಧಕ್ಕೆ ಎದ್ದರೆ ಮಗು ಬಂದು ನಡುಮಧ್ಯೆ ಕೂತಿರುತ್ತದೆ. ಅದಕ್ಕೆ ನಮ್ಮನೆಯವರಿಗೆ ಮೊದಲೇ ಹೇಳಿ ಎರಡು ಭಾನುವಾರ, ಎರಡೆರಡು ಗಂಟೆ ಕೇಳಿ ತೆಗೆದುಕೊಂಡೆ. ಅವರು ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋದರು. ಕೇಳದೆ ಸುಮ್ನೆ ಮುಖ ಊದಿಸಿಕೊಂಡು ಕೂತಿದ್ದ ವರ್ಷಗಳೂ ಇವೆ, ಅವುಗಳಿಂದ ಒಂದು ಚೌಕವೂ ಮುಗಿದಿಲ್ಲ. ಅದು ಬಿಟ್ಟು ಉಳಿದದ್ದೆಲ್ಲ ತುಂಡು ಸಮಯದ ಕೆಲಸ. ದಿನಕ್ಕೊಂದು ಚೌಕ ಜೋಡಿಸಿದರೆ 80 ದಿನ. ಆಮೇಲೆ ಅರ್ಧ ಇಂಚಿಗೊಂದು ಸಾಲು, ಒಟ್ಟು ಎಪ್ಪತ್ತು ಚಿಲ್ಲರೆ ಸಾಲು. ಒಂದು ಸಾಲಿಗೆ ಹತ್ತು ಹನ್ನೆರಡು ನಿಮಿಷ. ಮಗಳು ಊಟಕ್ಕೆ ಕೂತು, ಒಂದೊಂದೇ ತುತ್ತು ಬಾಯಲ್ಲಿಟ್ಟುಕೊಂಡು ಗೋಡೆ ನೋಡುವಷ್ಟು ಹೊತ್ತಿಗೆ ನನ್ನದು ಒಂದು ಸಾಲು ಮುಗಿಯುತ್ತದೆ.

ಎರಡು ತಪ್ಪು ಮಾಡಿದೆ. ಮೊದಲನೆಯದು ಬಣ್ಣ. ಹಳೆ ಸೀರೆ ಅಲ್ವಾ, ಬಿಡುವ ಬಣ್ಣವೆಲ್ಲ ಬಿಟ್ಟಾಗಿರುತ್ತೆ ಅಂದುಕೊಂಡೆ. ಮಧ್ಯೆ ಎರಡು ಚೌಕಕ್ಕೆ ನನ್ನ ಪೆಟ್ಟಿಗೆಯಲ್ಲಿದ್ದ ಕೆಂಪು ಬ್ಲೌಸ್ ಪೀಸು ಹಾಕಿದ್ದೆ. ಅದು ಒಮ್ಮೆಯೂ ನೀರು ಕಂಡದ್ದಲ್ಲ. ಹಾಸಿದ ನಾಲ್ಕನೇ ದಿನ ಮಗ ಒದ್ದೆ ಮಾಡಿದ. ಕೌದಿ ತಿರುವಿ ನೋಡಿದರೆ ಬಿಳಿ ಧೋತರದ ತುಂಡುಗಳ ಮೇಲೆಲ್ಲ ಗುಲಾಬಿ ಕೆರೆ. ಈಗಲೂ ಹೋಗಿಲ್ಲ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅನ್ನುತ್ತಾರೆ. ನಾನು ಕಂಡ ಹಾಗೆ ಉಪ್ಪಿಗಿಂತ ನೀರು ಬದಲಿಸುವುದೇ ಮುಖ್ಯ. ಬಿಳಿ ಬಟ್ಟೆಯ ಚೂರೊಂದನ್ನು ಜೊತೆಗೆ ನೆನೆಸಿ, ಅದು ಬಿಳಿಯಾಗೇ ಉಳಿಯುವವರೆಗೆ ಒಗೆಯಬೇಕು.

ಎರಡನೆಯದು ಸೂಜಿ. ನನ್ನ ಡಬ್ಬಿಯಲ್ಲಿ ಆರು ಸೂಜಿ. ಒಂದು ಸಂಜೆ ಎಣಿಸಿದರೆ ಐದು. ಮಗ ಆಗಷ್ಟೇ ಅಂಬೆಗಾಲಿಡುತ್ತಿದ್ದ, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ. ಮಗಳನ್ನೂ ಅವನನ್ನೂ ಮಂಚ ಹತ್ತಿಸಿ, ಅಲ್ಲಿಂದ ಇಳಿಯಕೂಡದು ಅಂತ ಹೇಳಿ, ಹಳೆ ಸ್ಪೀಕರಿನಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತಕ್ಕೆ ದಾರ ಕಟ್ಟಿ ಮನೆಯ ಮೂಲೆ ಮೂಲೆಯಲ್ಲೂ ಎಳೆದಾಡಿದೆ. ಎರಡು ಹೇರ್‌ಪಿನ್, ಒಂದು ಮೊಳೆ, ಕಳೆದುಹೋಗಿದ್ದ ಒಂದು ಕೀ ಸಿಕ್ಕವು. ಸೂಜಿ ಮಾತ್ರ ಇಲ್ಲ. ಒಂದೂವರೆ ಗಂಟೆ ಆದ ಮೇಲೆ ನಮ್ಮನೆಯವರು "ಏನೋ ಚುಚ್ತಾ ಇದೆ ಮಾರಾಯ್ತಿ" ಅಂದರು. ಅವರ ಲುಂಗಿಯ ಅಂಚಿನಲ್ಲಿತ್ತು.

ಆವತ್ತಿನಿಂದ ಡಬ್ಬಿಯ ಮುಚ್ಚಳದ ಒಳಗೆ 6 ಅಂತ ಬರೆದಿದೆ. ಎದ್ದರೆ ಎಣಿಸಬೇಕು. ಅತ್ತೆಯ ಹಾಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಹೋಗುವುದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಮಕ್ಕಳ ಮೇಲೆ ಹತ್ತು ಕಣ್ಣು, ಇಲ್ಲಿ ಎರಡು, ಅದರಲ್ಲೂ ಒಂದು ಒಲೆಯ ಮೇಲೆ. ಗುಂಡುಸೂಜಿಯಂತೂ ಮನೆಗೇ ತರುವುದಿಲ್ಲ. ಪದರ ಹಿಡಿಸಲು ಬಟ್ಟೆ ಒಣಹಾಕುವ ಕ್ಲಿಪ್ಪೇ ಸಾಕು. ಕತ್ತರಿ, ಕಡ್ಡಿ ಎಲ್ಲ ಒಂದು ಚೀಲದಲ್ಲಿ, ಚೀಲ ಬಾಗಿಲ ಮೇಲಿನ ಮೊಳೆಯಲ್ಲಿ.

ಮಗಳಿಗೆ ಈಗ ಐದು ವರ್ಷ. ನನಗೂ ಸೂಜಿ ಬೇಕು ಅಂತ ಹಟ. ಸೆಣಬಿನ ಚೀಲದ ಒಂದು ತುಂಡು, ಮೊಂಡು ತುದಿಯ ಪ್ಲಾಸ್ಟಿಕ್ ಸೂಜಿ, ಉಳಿದ ಉಲ್ಲನ್ ಕೊಟ್ಟೆ. ಸೆಣಬಿನಲ್ಲಿ ತೂತು ದೊಡ್ಡದು, ದಾರ ಸಲೀಸಾಗಿ ಹೋಗುತ್ತದೆ. ಮಕ್ಕಳು ಗಂಟೆಗಟ್ಟಲೆ ಕೂತು ಮಾಡುತ್ತವೆ ಅಂತ ಯಾರೋ ಹೇಳಿದ್ದರು. ನಮ್ಮವಳು ಕೂತದ್ದು ಆರು ನಿಮಿಷ. ಇರಲಿ, ಅಷ್ಟರಲ್ಲಿ ನನ್ನದು ಅರ್ಧ ಸಾಲು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಕೌದಿಗೆ ದಾರದ ಖರ್ಚು ಬಿಟ್ಟರೆ ಬೇರೇನಿಲ್ಲ. ಉಲ್ಲನ್ ಹಾಗಲ್ಲ. ಚಿಕ್ಕಪೇಟೆಗೆ ಹೋದರೆ ಬಣ್ಣ ನೋಡಿ ಕೈ ತಡೆಯುವುದಿಲ್ಲ. ಒಂದು ಮುಗಿಯದೆ ಇನ್ನೊಂದಕ್ಕೆ ಉಂಡೆ ತರಬಾರದು ಅಂತ ನಿಯಮ ಮಾಡಿದ್ದೇನೆ. ಎರಡು ಸಲ ಮುರಿದಿದ್ದೇನೆ.

ಇನ್ನೊಂದು, ಬೇರೆಯವರಿಗೆ ಹಾಕಿಕೊಡುವುದು. ಮಗನಿಗೆ ಹೆಣೆದ ಕುಲಾವಿ ನೋಡಿ ಮೂರು ಜನ ಕೇಳಿದರು, "ನಮ್ಮ ಪಾಪೂಗೂ ಒಂದು ಹಾಕ್ಕೊಡಿ, ನಿಮಗೇನು, ಕೂತ್ಕೊಂಡು ಮಾಡೋದು ತಾನೇ." ಮೊದಲನೆಯವರಿಗೆ ಹಾಕಿಕೊಟ್ಟೆ. ಎರಡನೆಯವರಿಗೆ ಹಾಕುವಾಗ ಸಿಟ್ಟು ಬರುತ್ತಿತ್ತು, ಕುಣಿಕೆಯೆಲ್ಲ ಬಿಗಿಯಾಯಿತು. ಮೂರನೆಯವರಿಗೆ "ಬನ್ನಿ, ಕಲಿಸಿಕೊಡ್ತೀನಿ" ಅಂದೆ. ಬರಲಿಲ್ಲ.

ಮೊದಲ ಕೌದಿ ಮುಗಿದಾಗ ಮಗನಿಗೆ ನಾಲ್ಕು ತಿಂಗಳು. ಲೆಕ್ಕ ಹಾಕಿದ್ದಕ್ಕಿಂತ ತಡವಾದರೂ ಈ ಸಲ ಹಾಸಿಗೆಗೆ ಬಂತು. ಈಗ ಎರಡನೆಯದು ನಡೆದಿದೆ, ಮಗಳಿಗೆ. ಇದನ್ನು ಬೇರೆ ಥರ ಹೊಲಿಯುತ್ತಿದ್ದೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕವಂದಿ, ಅಂದರೆ ಅವರ ಕೌದಿ, ನೋಡಿದ ಮೇಲೆ ಬಂದ ಯೋಚನೆ. ಅವರು ಮೊದಲು ಚೌಕ ಕತ್ತರಿಸಿ ಜೋಡಿಸಿಕೊಂಡು ಕೂರುವುದಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ದಾರ ಎಲ್ಲಿಗೆ ಬಂತೋ ಅಲ್ಲಿ ಕೈಗೆ ಸಿಕ್ಕ ತುಂಡು ಇಟ್ಟು, ಅಂಚು ಮಡಚಿ, ಅದರ ಮೇಲೇ ಹೊಲಿದು ಮುಂದೆ ಹೋಗುವುದು. ಜೋಡಿಸುವುದು, ಸಾಲು ಹಾಕುವುದು ಎರಡೂ ಒಂದೇ ಸಲಕ್ಕೆ ಆಗುತ್ತದೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಫುಲಾ, ಅಂದರೆ ಹೂವು, ಇಡುತ್ತಾರೆ. ಅದು ನನಗೆ ಇನ್ನೂ ಅಷ್ಟು ಚೆನ್ನಾಗಿ ಬಂದಿಲ್ಲ, ಹೂವಿಗಿಂತ ಸಮೋಸದ ಹಾಗೆ ಕಾಣುತ್ತದೆ. ಆದರೆ ಭಾನುವಾರದ ಎರಡು ಗಂಟೆ ಕೇಳುವ ಕೆಲಸ ಅರ್ಧಕ್ಕೆ ಇಳಿಯಿತು.

ಹೋದ ವಾರ ಊರಿನಿಂದ ಬರುವಾಗ ಅತ್ತೆ ಇನ್ನೊಂದು ಸೀರೆ ಕೊಟ್ಟರು. ಅವರ ಮದುವೆಯದು, ಕೆಂಪು ಸೆರಗು, ಅದರ ಮೇಲೆ ಬಿಳಿ ತೆನಿ ವಿನ್ಯಾಸ. "ಇದನ್ನ ನಡುವಿಗೆ ಹಾಕು" ಅಂದರು. ಶನಿವಾರದಿಂದ ಬಾತ್‌ರೂಮಿನ ಬಕೆಟ್ಟಿನಲ್ಲಿ ನೆನೆಸಿದ್ದೇನೆ, ಜೊತೆಗೆ ಬಿಳಿ ಬಟ್ಟೆಯ ಚೂರು. ಐದು ಸಲ ನೀರು ಬದಲಿಸಿದ್ದಾಯಿತು. ಚೂರು ಇನ್ನೂ ಗುಲಾಬಿ ಬಣ್ಣದಲ್ಲೇ ಇದೆ.