ಝೋನ್ ಬಾರದ ಬಟ್ಟೆಯೇ ನನಗೆ ಬೇಕು: ಆಸ್ಪತ್ರೆಯ ಬೆಡ್‌ಶೀಟಿಗೆ ಕೈಟೋಸಾನ್ ಕೂರಿಸಿದ ಅನುಭವ

ಆಸ್ಪತ್ರೆಗೆ ಬ್ಯಾಕ್ಟೀರಿಯಾ ತಡೆಯುವ ಬೆಡ್‌ಶೀಟು ಕೊಳ್ಳುವವರು ಮೊದಲು ಕೇಳುವುದು ಒಂದು ಫೋಟೋ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಅನ್ನುವ ಜೆಲ್ಲಿ ತುಂಬಿದ ತಟ್ಟೆಯ ಮಧ್ಯೆ ಬಟ್ಟೆಯ ತುಂಡು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಜಾಗ. ಇದಕ್ಕೆ ಝೋನ್ ಅನ್ನುತ್ತಾರೆ. ಝೋನ್ ಅಗಲವಾದಷ್ಟೂ ಬಟ್ಟೆ ಒಳ್ಳೆಯದು ಅಂತ ಲೆಕ್ಕ. ಪೀಣ್ಯದಲ್ಲಿ ಬಟ್ಟೆಗೆ ಫಿನಿಶಿಂಗ್ ಮಾಡುವ ಸಣ್ಣ ಘಟಕ ನನ್ನದು. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಝೋನ್ ಬಂತು ಅಂದರೆ ಹಾಕಿದ ಪದಾರ್ಥ ಬಟ್ಟೆ ಬಿಟ್ಟು ಅಗಾರಿಗೆ ಇಳಿದಿದೆ ಅಂತಲೇ ಅರ್ಥ. ಅಗಾರಿಗೆ ಇಳಿದದ್ದು ಲಾಂಡ್ರಿಯ ನೀರಿಗೂ ಇಳಿಯುತ್ತದೆ.

ಬೇವು ಇದಕ್ಕೆ ಒಳ್ಳೆಯ ಉದಾಹರಣೆ. ಅಮ್ಮ ಬಂದಾಗ ಬೇವಿನ ಸೊಪ್ಪಿನ ಮೇಲೆ ಮಲಗಿಸುವ ನಾಡು ನಮ್ಮದು, ಹಾಗಾಗಿ ಗಿರಾಕಿಗಳು "ಬೇವು ಹಾಕಿ ಸಾರ್, ನ್ಯಾಚುರಲ್ ಅಂತ ಬೋರ್ಡ್ ಹಾಕ್ಕೋತೀವಿ" ಅಂತ ಆಸೆಯಿಂದಲೇ ಕೇಳುತ್ತಾರೆ. ಎಲೆಯ ಸಾರ ತೆಗೆದು ಬಟ್ಟೆಯನ್ನು ಅದ್ದಿ ಒಣಗಿಸಿದರೆ ಝೋನ್ ಬರುತ್ತದೆ. ಅದೇ ಬಟ್ಟೆಯನ್ನು ಕೆಲವು ಸಲ ಒಗೆದರೆ ಹಸಿರು ಬಣ್ಣವೂ ಹೋಗುತ್ತದೆ, ಗುಣವೂ ಹೋಗುತ್ತದೆ. ಒಂದೇ ಸಲ ಬಳಸಿ ಬಿಸಾಡುವ ಬಟ್ಟೆಯಾದರೆ ಇದು ದೋಷವಲ್ಲ. ಬೆಡ್‌ಶೀಟು ಹಾಗಲ್ಲ, ಅದರ ಬದುಕೆಲ್ಲ ಒಗೆಯುವುದರಲ್ಲೇ ಕಳೆಯುತ್ತದೆ.

ನಾನು ಆರಿಸಿಕೊಂಡದ್ದು ಕೈಟೋಸಾನ್. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್‌ನಿಂದ ಇದನ್ನು ತಯಾರಿಸುತ್ತಾರೆ. ರಚನೆಯಲ್ಲಿ ಹತ್ತಿಯ ಸೆಲ್ಯುಲೋಸಿಗೆ ತೀರಾ ಹತ್ತಿರದ ನೆಂಟ. ಇದರಲ್ಲಿ ಅಮೈನ್ ಅನ್ನುವ ಸಾರಜನಕದ ಗುಂಪುಗಳಿವೆ. ಸ್ವಲ್ಪ ಹುಳಿ ಇದ್ದ ಕಡೆ ಇವು ಧನ ವಿದ್ಯುದಂಶ ಪಡೆಯುತ್ತವೆ. ಬ್ಯಾಕ್ಟೀರಿಯಾದ ಹೊರಮೈ ಋಣ ವಿದ್ಯುದಂಶದ್ದು. ಎರಡೂ ಅಂಟಿಕೊಂಡು ಕೋಶದ ಪೊರೆ ಕೆಡುತ್ತದೆ. ಹುಳಿ ಕಡಿಮೆಯಾಗಿ ಪಿಎಚ್ ಸುಮಾರು 6.5 ದಾಟಿದರೆ ಈ ಶಕ್ತಿ ಕುಗ್ಗುತ್ತದೆ. ಈ ಸಂಗತಿ ಮುಂದೆ ಲಾಂಡ್ರಿಯಲ್ಲಿ ಕಾಡುತ್ತದೆ.

ಮೊದಲು ಬಟ್ಟೆ ತಯಾರಾಗಬೇಕು. ಮಗ್ಗದಿಂದ ಬಂದ ಕೋರಾ ಬಟ್ಟೆಯ ಹಾಸುನೂಲಿಗೆ ಗಂಜಿ ಇರುತ್ತದೆ, ಹತ್ತಿಯ ಸ್ವಂತ ಮೇಣವೂ ಇರುತ್ತದೆ. ಎರಡೂ ಹೋಗದಿದ್ದರೆ ಕೈಟೋಸಾನ್ ಎಳೆಯ ಒಳಗೆ ಇಳಿಯುವುದಿಲ್ಲ, ಮೇಲೆ ಪದರವಾಗಿ ಕೂತುಬಿಡುತ್ತದೆ. ಗಂಜಿಗೆ ಅಮೈಲೇಸ್ ಎಂಜೈಮು, ಮೇಣಕ್ಕೆ ಕಾಸ್ಟಿಕ್ ಸೋಡಾದಲ್ಲಿ ಕುದಿ, ಬಿಳುಪಿಗೆ ಹೈಡ್ರೋಜನ್ ಪೆರಾಕ್ಸೈಡ್. ಬೆಂಗಳೂರಿನಲ್ಲಿ ಈ ಹಂತದ ತಲೆನೋವು ನೀರು. ಕಾವೇರಿ ನೀರು ಬಂದ ದಿನ ಒಂದು ಫಲಿತಾಂಶ, ಬೋರ್‌ವೆಲ್ ಟ್ಯಾಂಕರ್ ಬಂದ ದಿನ ಇನ್ನೊಂದು. ನೀರಿನಲ್ಲಿ ಕಬ್ಬಿಣವಿದ್ದರೆ ಪೆರಾಕ್ಸೈಡ್ ಬೇಗ ಒಡೆದು ಅಲ್ಲಲ್ಲಿ ಎಳೆಯನ್ನೇ ತಿನ್ನುತ್ತದೆ. ನೀರನ್ನು ಶುದ್ಧ ಮಾಡುವ ಸಾಫ್ಟನರ್ ಯಂತ್ರ ಹಾಕಿಸುವ ತನಕ ಪಕ್ಕದ ಘಟಕದವರೂ ನಾನೂ ಟ್ಯಾಂಕರಿನವನನ್ನೇ ಬೈದುಕೊಂಡು ಓಡಾಡಿದೆವು. ಬಟ್ಟೆ ತಯಾರಾಗಿದೆಯೇ ಅಂತ ನೋಡಲು ಯಂತ್ರ ಬೇಡ: ಒಂದು ಹನಿ ನೀರು ಬಿಟ್ಟರೆ ಮುತ್ತಿನಂತೆ ನಿಲ್ಲದೆ ತಕ್ಷಣ ಹೀರಬೇಕು.

ದ್ರಾವಣ ಹೀಗೆ. 1ರಿಂದ 2% ಅಸಿಟಿಕ್ ಆಸಿಡ್ ಇರುವ ನೀರಿಗೆ ಕೈಟೋಸಾನ್ ಪುಡಿಯನ್ನು ನಿಧಾನವಾಗಿ ಉದುರಿಸುತ್ತಾ ಕಲಕಬೇಕು, 0.5ರಿಂದ 1% ಸಾಕು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸೋಸಬೇಕು. ಅಣುತೂಕ ಕಡಿಮೆಯದ್ದನ್ನೇ ತರಿಸಿ. ಹೆಚ್ಚಿನದು ಲೋಳೆಯಂತೆ ದಪ್ಪಗಾಗಿ ಬಟ್ಟೆ ರಟ್ಟಿನಂತೆ ಆಗುತ್ತದೆ. ಆಮೇಲೆ ಸಿಟ್ರಿಕ್ ಆಸಿಡ್, ಅದಕ್ಕೆ ವೇಗವರ್ಧಕವಾಗಿ ಸೋಡಿಯಂ ಹೈಪೋಫಾಸ್ಫೈಟ್. ಬಟ್ಟೆಯನ್ನು ಪ್ಯಾಡಿಂಗ್ ಯಂತ್ರದಲ್ಲಿ ಎರಡು ಸಲ ಅದ್ದಿ ಎರಡು ಸಲ ಹಿಂಡುತ್ತೇನೆ. 100 ಗ್ರಾಂ ಬಟ್ಟೆ 80 ಗ್ರಾಂನಷ್ಟು ದ್ರಾವಣ ಹಿಡಿದುಕೊಳ್ಳುವಂತೆ ರೋಲರಿನ ಒತ್ತಡ ಇಡುತ್ತೇನೆ. 100 ಡಿಗ್ರಿ ಒಳಗೆ ಒಣಗಿಸಿ, ಆಮೇಲೆ 150ರಿಂದ 160 ಡಿಗ್ರಿಯಲ್ಲಿ ಸುಮಾರು 3 ನಿಮಿಷ ಕ್ಯೂರಿಂಗ್, ಅಂದರೆ ಒಣ ಶಾಖದಲ್ಲಿ ಕಾಯಿಸುವುದು. ಆ ಶಾಖದಲ್ಲಿ ಸಿಟ್ರಿಕ್ ಆಸಿಡ್ ಒಂದು ಕೈಯಲ್ಲಿ ಸೆಲ್ಯುಲೋಸನ್ನೂ ಇನ್ನೊಂದರಲ್ಲಿ ಕೈಟೋಸಾನನ್ನೂ ಹಿಡಿದು ಎಸ್ಟರ್ ಅನ್ನುವ ರಾಸಾಯನಿಕ ಬಂಧ ಕಟ್ಟುತ್ತದೆ. ಬಟ್ಟೆಗೆ ಅಂಟುವುದು ಇಲ್ಲಿ. ಒಣಗಿಸಿ ನಿಲ್ಲಿಸಿದರೆ ಒಗೆತಕ್ಕೆ ನಿಲ್ಲುವಷ್ಟು ಗಟ್ಟಿಯಾಗಿ ಅಂಟುವುದಿಲ್ಲ.

ಇದಕ್ಕೊಂದು ಬೆಲೆ ಇದೆ. ಶಾಖ ಏರಿದಷ್ಟೂ ಸಿಟ್ರಿಕ್ ಆಸಿಡ್ ಬಟ್ಟೆಯನ್ನು ಹಳದಿ ಮಾಡುತ್ತದೆ, ಬೇಗ ಹರಿದುಹೋಗುವಂತೆಯೂ ಮಾಡುತ್ತದೆ. ಮಾದರಿ ನೋಡಿದ ಲಾಂಡ್ರಿ ಇನ್‌ಚಾರ್ಜ್, "ಏನ್ ಸಾರ್ ಇದು, ಹೊಸ ಶೀಟು ಹಳೇದರ ಥರ ಕಾಣ್ತಿದೆ? ಸಿಸ್ಟರ್ ವಾಪಸ್ ಕಳಿಸ್ತಾರೆ" ಅಂದರು. ಹಳದಿ ತರದ ಬ್ಯುಟೇನ್ ಟೆಟ್ರಾಕಾರ್ಬಾಕ್ಸಿಲಿಕ್ ಆಸಿಡ್ ಅನ್ನುವುದೂ ಉಂಟು, ಆದರೆ ದುಬಾರಿ. ನಾನು ಶಾಖವನ್ನು 150ರ ಹತ್ತಿರವೇ ಇಟ್ಟು ಶೀಟಿಗೆ ತಿಳಿ ಹಸಿರು ಬಣ್ಣ ಕೊಟ್ಟೆ. ಆಸ್ಪತ್ರೆಗಳಲ್ಲಿ ಹಸಿರು ಹೇಗೂ ನಡೆಯುತ್ತದೆ.

ಪರೀಕ್ಷೆ ಮನೆಯಲ್ಲಿ ಮಾಡುವ ಕೆಲಸವಲ್ಲ. ರೋಗ ತರುವ ಸ್ಟಫೈಲೋಕಾಕಸ್ ಆರಿಯಸ್, ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಬೆಳೆಸಿ ಪರೀಕ್ಷಿಸಲು ಸೂಕ್ಷ್ಮಜೀವಿ ಪ್ರಯೋಗಾಲಯವೇ ಬೇಕು. ನಾನು ಕೇಳುವುದು ಅಮೆರಿಕದ ಜವಳಿ ರಸಾಯನತಜ್ಞರ ಸಂಘದ ಎಎಟಿಸಿಸಿ 100 ವಿಧಾನವನ್ನು. ಬಟ್ಟೆಯ ಮೇಲೆ ನೇರವಾಗಿ ಬ್ಯಾಕ್ಟೀರಿಯಾ ಹನಿಸಿ, 24 ಗಂಟೆ ಬಿಟ್ಟು, ಎಷ್ಟು ಬದುಕಿವೆ ಅಂತ ಎಣಿಸುತ್ತಾರೆ. ಝೋನಿನ ಪ್ರಶ್ನೆಯೇ ಏಳುವುದಿಲ್ಲ. ವರದಿ ಬಂದಾಗ ಶೇಕಡಾವಾರು ನೋಡಿ ಹಿಗ್ಗಬೇಡಿ: 99% ಅಂದರೆ 1,00,000ದಲ್ಲಿ 1,000 ಇನ್ನೂ ಬದುಕಿವೆ. ಅದಕ್ಕಿಂತ ಮುಖ್ಯ, ಹೋಲಿಕೆಗೆ ಕೊಟ್ಟ ಬಟ್ಟೆ ಯಾವುದು ಅಂತ ಕೇಳಿ. ಅದೇ ಥಾನಿನದ್ದಾಗಿ, ಅದೇ ತೊಳೆತ ಕಂಡು, ಕೈಟೋಸಾನ್ ಮಾತ್ರ ಇಲ್ಲದ್ದಾಗಿರಬೇಕು. ಪೆರಾಕ್ಸೈಡ್, ಕಾಸ್ಟಿಕ್, ಅಸಿಟಿಕ್ ಆಸಿಡ್ ಚೂರು ಉಳಿದಿದ್ದರೂ ಅವೇ ಬ್ಯಾಕ್ಟೀರಿಯಾ ಕೊಂದು ಕೀರ್ತಿ ಕೈಟೋಸಾನಿಗೆ ಹೋಗುತ್ತದೆ. ಅದಕ್ಕೇ ಹೊಸ ಬಟ್ಟೆಯ ವರದಿಗೆ ನಾನು ಬೆಲೆ ಕೊಡುವುದಿಲ್ಲ, ಒಗೆದ ಮೇಲಿನ ವರದಿಯೇ ಬೇಕು.

ಒಗೆಯುವುದು ಅಂದರೆ ಮನೆಯ ವಾಷಿಂಗ್ ಮೆಷಿನ್ ಅಲ್ಲ. ಆಸ್ಪತ್ರೆಯ ಬಟ್ಟೆಗೆ ಬಿಸಿನೀರಿನ ಒಗೆತದ ಪ್ರಸಿದ್ಧ ಅಳತೆ 71 ಡಿಗ್ರಿ, 25 ನಿಮಿಷ. ಜೊತೆಗೆ ಕ್ಷಾರ ಹೆಚ್ಚಿರುವ ಸಾಬೂನು ಪುಡಿ. ಕ್ಷಾರ ಎಸ್ಟರ್ ಬಂಧವನ್ನು ನಿಧಾನವಾಗಿ ಕಡಿಯುತ್ತದೆ. ಬಟ್ಟೆಯಲ್ಲಿ ಉಳಿದರೆ ಕೈಟೋಸಾನಿನ ಶಕ್ತಿಯನ್ನೂ ಮಂಕು ಮಾಡುತ್ತದೆ. ಕೊನೆಯ ಜಾಲಿಸುವ ನೀರಿಗೆ ಸ್ವಲ್ಪ ಅಸಿಟಿಕ್ ಆಸಿಡ್ ಹಾಕಿ ಅಂತ ಲಾಂಡ್ರಿಯವರನ್ನು ಕೇಳಿಕೊಂಡೆ. ಅವರಿಗೆ ಇದು ಹೊಸದೂ ಆಗಿರಲಿಲ್ಲ, ಕಷ್ಟವೂ ಆಗಲಿಲ್ಲ. ಕಷ್ಟ ಹೈಪೋದ್ದು. ರಕ್ತದ ಕಲೆಗೆ ಸೋಡಿಯಂ ಹೈಪೋಕ್ಲೋರೈಟ್ ಸುರಿಯುವುದು ಕೈಗೆ ಬಂದ ಅಭ್ಯಾಸ, ಅದು ಕೈಟೋಸಾನಿನ ಅಮೈನನ್ನೇ ಹಾಳುಮಾಡುತ್ತದೆ, ಶೀಟನ್ನು ಹಳದಿಯೂ ಮಾಡುತ್ತದೆ.

ಇಷ್ಟೆಲ್ಲ ಮಾಡಿದರೂ ಈ ಶೀಟು ಒಗೆಯುವುದನ್ನು ತಪ್ಪಿಸುವುದಿಲ್ಲ, ಕೈ ತೊಳೆಯುವುದನ್ನಂತೂ ಇಲ್ಲವೇ ಇಲ್ಲ. ಎರಡು ಒಗೆತಗಳ ನಡುವೆ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹೆಚ್ಚದಂತೆ ತಡೆಯುತ್ತದೆ, ಅಷ್ಟೇ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಕೆಲಸ ನಾನು ಹಿಡಿಯುವುದಿಲ್ಲ. ಅದು ಮೈಗೆ ಒಗ್ಗುತ್ತದೆಯೇ ಅಂತ ಬೇರೆಯೇ ಪರೀಕ್ಷೆಗಳಾಗಬೇಕು, 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಪರವಾನಗಿಯೂ ಬೇಕು.

ಈಗ ನೇಯುವವರಿಗೆ ಹೇಳಿ ಈ ಲಾಟಿನ ಅಂಚಿಗೆ ಒಂದು ನೀಲಿ ಎಳೆ ಹಾಕಿಸುತ್ತಿದ್ದೇನೆ. ನೀಲಿ ಅಂಚು ಕಂಡರೆ ಹೈಪೋ ಬೇಡ, ಪೆರಾಕ್ಸೈಡ್ ಹಾಕಿ ಅಂತ ಲಾಂಡ್ರಿಯವರ ಜೊತೆ ಮಾತಾಗಿದೆ. ರಾತ್ರಿ ಪಾಳಿಯವರು ಇನ್ನೂ ಆಗಾಗ ಮರೆಯುತ್ತಾರೆ.