ಬೊಂಬೆಗೆ ಬೆಲೆ ಕಟ್ಟುವ ಮೊದಲು: ಸಣ್ಣ ಕರಕುಶಲ ಉದ್ಯಮದ ಹಣಕಾಸು

ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳನ್ನು ತಯಾರಿಸಿ ಮಾರುವ ಉದ್ಯಮವೊಂದನ್ನು ಆರಂಭಿಸಿದವರು ಎಡವುವುದು ಕಸುಬಿನಲ್ಲಲ್ಲ, ತಮ್ಮ ದುಡಿಮೆಗೆ ಕೂಲಿ ಹಾಕಿಕೊಳ್ಳದೆ ಬೆಲೆ ಕಟ್ಟುವುದರಲ್ಲಿ. ಆದ್ದರಿಂದ ಮಾರುಕಟ್ಟೆಯ ದರವನ್ನು ನೋಡುವ ಮೊದಲು ಒಂದು ಆಟಿಕೆಯ ಅಸಲನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಮಕ್ಕಳು ಒಂದರ ಮೇಲೊಂದು ಪೋಣಿಸುವ ಬಳೆಗಳ ಆಟಿಕೆಯನ್ನೇ ತೆಗೆದುಕೊಳ್ಳೋಣ. ಇಲ್ಲಿನ ಮೊತ್ತಗಳು ಲೆಕ್ಕ ತೋರಿಸಲು ಊಹಿಸಿಕೊಂಡವು. ಹಾಲೆ ಮರಕ್ಕೆ 40 ರೂಪಾಯಿ, ಅರಗು ಮತ್ತು ಬಣ್ಣಕ್ಕೆ 25, ಲೇತ್‌ನ (ಮರ ಕಡೆಯುವ ಯಂತ್ರದ) ವಿದ್ಯುತ್ತಿಗೆ 10, ಪೆಟ್ಟಿಗೆಗೆ 35, ಮರ ಕಡೆದು ಬಣ್ಣ ಹಚ್ಚಿ ಹೊಳಪು ಕೊಡುವ ಕುಶಲಕರ್ಮಿಯ ಕೂಲಿ 100 ಎಂದಾದರೆ 210 ರೂಪಾಯಿಯಾಯಿತು. ವಿನ್ಯಾಸ, ಪರಿಶೀಲನೆ, ಗ್ರಾಹಕರೊಂದಿಗಿನ ಮಾತುಕತೆಗೆ ತಗಲುವ ನಿಮ್ಮ ಸಮಯಕ್ಕೆ 50, ಬಾಡಿಗೆ ಮತ್ತು ಬಿರುಕು ಬಿಟ್ಟು ಹಾಳಾಗುವ ಮಾಲಿನ ಪಾಲಿಗೆ 40 ಸೇರಿಸಿದರೆ ಅಸಲು 300. ಈಗ 500 ರೂಪಾಯಿಯ ಬೆಲೆ ಧಾರಾಳವೆನ್ನಿಸಬಹುದು. ಆದರೆ ಶೇ 40ರಷ್ಟು ಕಮಿಷನ್ ಹಿಡಿಯುವ ಅಂಗಡಿಗೆ ಕೊಟ್ಟರೆ ಕೈಗೆ ಬರುವುದು ಸರಿಯಾಗಿ 300, ಲಾಭ ಸೊನ್ನೆ. 600 ಇಟ್ಟರಷ್ಟೇ 60 ರೂಪಾಯಿ ಉಳಿಯುತ್ತದೆ. ನೇರವಾಗಿ ಮಾರುವಾಗಲೂ ಅದೇ ಬೆಲೆಯನ್ನು ಕಾಯ್ದುಕೊಳ್ಳಬೇಕು, ಇಲ್ಲದಿದ್ದರೆ ಅಂಗಡಿಯವರು ಮಾಲನ್ನು ಹಿಂದಿರುಗಿಸುತ್ತಾರೆ.

ಉದ್ಯಮಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಅದರಿಂದ ತಿಂಗಳಿಗೊಮ್ಮೆ ನಿಗದಿತ ಮೊತ್ತವನ್ನು ಮಾತ್ರ ಮನೆಗೆ ತೆಗೆದುಕೊಳ್ಳಿ. ದಸರಾ, ದೀಪಾವಳಿಯ ಮಾರಾಟದ ಹಣ ನಂತರದ ಮಂದ ತಿಂಗಳುಗಳ ಕೂಲಿಗೂ ಮರ ಖರೀದಿಗೂ ಬೇಕಾಗುತ್ತದೆ ಎಂಬುದು ಮನೆಯವರಿಗೂ ತಿಳಿದಿರಲಿ.

ಉದ್ರಿಯೇ ನಿಜವಾದ ತಲೆನೋವು. ಕಂಪನಿಗಳ ಉಡುಗೊರೆ ಆರ್ಡರ್ ದೊಡ್ಡದಾಗಿ ಕಂಡರೂ ಕನಿಷ್ಠ ಕಚ್ಚಾ ಸಾಮಗ್ರಿಯ ವೆಚ್ಚ ಹುಟ್ಟುವಷ್ಟು ಮುಂಗಡ ಪಡೆಯದೆ ಲೇತ್ ಚಾಲೂ ಮಾಡಬೇಡಿ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ (ಅದಕ್ಕೆ ಶುಲ್ಕ ಕೇಳುವ ಮಧ್ಯವರ್ತಿಗಳಿಗೇನೂ ಕೊರತೆಯಿಲ್ಲ), ಮತ್ತು ನೋಂದಾಯಿತ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಡಿ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ಈ ನಿಯಮವನ್ನು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿ, ಉದ್ಯಮ್ ಸಂಖ್ಯೆಯನ್ನೂ ನಮೂದಿಸಿ. ಖರೀದಿದಾರರ ಲೆಕ್ಕಪತ್ರ ವಿಭಾಗ ಅದನ್ನು ಗಮನಿಸದೆ ಇರುವುದಿಲ್ಲ.

ಸರಕಿನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಹೊರರಾಜ್ಯದ ಹಾಗೂ ಆನ್‌ಲೈನ್ ಮಾರಾಟಕ್ಕೆ ಬೇರೆ ನಿಯಮಗಳಿರುವುದರಿಂದ ಮೊದಲ ಪಾರ್ಸೆಲ್ ಕಳಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿ ಇದೆಯಾದ್ದರಿಂದ, ನೀವು ಮಾಲು ಕೊಳ್ಳುವ ಕುಶಲಕರ್ಮಿಯ ಗುರುತುಚೀಟಿಯ ಪ್ರತಿಯನ್ನು ಕಡತದಲ್ಲಿಟ್ಟುಕೊಳ್ಳಿ.

ಎರಡನೆಯ ಲೇತ್‌ಗೆ ಸಾಲ ಮಾಡುವ ಮಾತು ಆಮೇಲೆ. ಇರುವ ಲೇತ್ ಹಬ್ಬದ ತಿಂಗಳಲ್ಲಲ್ಲದೆ ಬೇಸಿಗೆಯಲ್ಲೂ ಬಿಡುವಿಲ್ಲದೆ ತಿರುಗುತ್ತಿದ್ದರೆ, ಮತ್ತು ಕಂತು ಕಟ್ಟಿದ ಮೇಲೂ ನಿಮ್ಮ ಕೂಲಿ ಉಳಿಯುತ್ತಿದ್ದರೆ, ಆಗ ಸಣ್ಣ ಉದ್ಯಮಗಳಿಗೆ ಸಾಲ ಒದಗಿಸುವ ಮುದ್ರಾ ಯೋಜನೆಯ ಅರ್ಜಿ ಹಿಡಿದು ಬ್ಯಾಂಕಿಗೆ ಹೋಗಬಹುದು.